ಬಿಥೂನ್ಯಕ್ಕೆ ಹೊರಟವರು ಫಿಲಿಪ್ಪಿ ತಲುಪಿದರು

ಡಿಸೆಂಬರ್ 31ರ ರಾತ್ರಿ ವಾಚ್‌ನೈಟ್ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಅನೇಕ ಸಭೆಗಳಲ್ಲಿ ಒಂದು ತಟ್ಟೆ ಸಾಲಿನಿಂದ ಸಾಲಿಗೆ ಬರುತ್ತದೆ. ತಟ್ಟೆಯ ತುಂಬ ಸಣ್ಣ ಚೀಟಿಗಳು. ಒಬ್ಬೊಬ್ಬರೂ ಒಂದೊಂದು ಎತ್ತಿಕೊಂಡು, ಹೊಸ ವರ್ಷಕ್ಕೆ ತಮಗೆ ಬಂದ ವಾಗ್ದಾನ ವಾಕ್ಯ ಓದಿಕೊಳ್ಳುತ್ತಾರೆ. ಈಚೆಗೆ ಕೆಲವು ಕಡೆ ಇನ್ನೊಂದು ಚೀಟಿಯೂ ಸೇರಿಕೊಂಡಿದೆ. ಅದು ಖಾಲಿ, ನಾವೇ ಬರೆಯಬೇಕು: ಈ ವರ್ಷ ನನ್ನ ಆತ್ಮಿಕ ಗುರಿ ಏನು, ಸೇವೆಯಲ್ಲಿ ನನ್ನ ಗುರಿ ಏನು? ಸತ್ಯವೇದ ಪೂರ್ತಿ ಓದುತ್ತೇನೆ, ಬೆಳಗ್ಗೆ ಐದಕ್ಕೆ ಎದ್ದು ಪ್ರಾರ್ಥಿಸುತ್ತೇನೆ, ದಶಮಾಂಶ ತಪ್ಪಿಸುವುದಿಲ್ಲ. ಸಭಾ ಕಮಿಟಿಯವರದು ಇನ್ನೂ ದೊಡ್ಡ ಪಟ್ಟಿ. ಇಷ್ಟು ಹೊಸ ಪ್ರಾರ್ಥನಾ ಕೂಟ, ಇಷ್ಟು ಹಳ್ಳಿ, ಇಷ್ಟು ಹೊಸ ಕುಟುಂಬ.

ಇಂಥ ಚೀಟಿಯ ತಲೆಬರಹವಾಗಿ ಮತ್ತೆ ಮತ್ತೆ ಕಾಣುವುದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದ ಮಾತು. ಹಿಂದಿನದನ್ನು ಮರೆತು, ಮುಂದಿರುವ ಗುರಿಯ ಕಡೆಗೆ ಓಡುವುದರ ಬಗ್ಗೆ ಪೌಲ ಅಲ್ಲಿ ಹೇಳುತ್ತಾನೆ. ಅದನ್ನು ಬರೆಯುವಾಗ ಅವನು ಬೇಡಿಗಳಲ್ಲಿದ್ದ ಎಂಬುದು ಅದೇ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ ಇದೆ. ಆ ಪತ್ರಿಕೆ ಹೋದದ್ದು ಯಾವ ಸಭೆಗೆ? ಪೌಲನ ಪ್ರಯಾಣದ ಯೋಜನೆಯಲ್ಲಿ ಇಲ್ಲದೇ ಇದ್ದ ಊರಿನ ಸಭೆಗೆ. ಗುರಿಯ ವಾಕ್ಯವನ್ನು ಗೋಡೆಗೆ ಅಂಟಿಸುವವರು ಈ ಎರಡು ಸಂಗತಿಗಳನ್ನೂ ಪಕ್ಕದಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು.

ಕಥೆ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿದೆ. ಪೌಲ, ಸೀಲ, ತಿಮೊಥೆ ಈಗಿನ ಟರ್ಕಿ ದೇಶದ ಒಳನಾಡಿನಲ್ಲಿ ನಡೆಯುತ್ತಿದ್ದಾರೆ. ಪಶ್ಚಿಮಕ್ಕೆ ಆಸ್ಯ ಸೀಮೆ, ಅಲ್ಲಿ ಎಫೆಸದಂಥ ದೊಡ್ಡ ಪಟ್ಟಣ. ಅತ್ತ ಹೋಗಿ ವಾಕ್ಯ ಸಾರಬಾರದೆಂದು ಪವಿತ್ರಾತ್ಮ ತಡೆದ ಎಂದು ಲೂಕ ಬರೆಯುತ್ತಾನೆ. ಉತ್ತರಕ್ಕೆ ತಿರುಗಿ ಕಪ್ಪು ಸಮುದ್ರದ ಕಡೆಯ ಬಿಥೂನ್ಯಕ್ಕೆ ಹೋಗಲು ನೋಡಿದರು, ಅದಕ್ಕೂ ಅಪ್ಪಣೆ ಇಲ್ಲ. ಹೇಗೆ ತಡೆದ? ಕಾಯಿಲೆಯೋ, ದಾರಿಯ ತೊಂದರೆಯೋ, ಅಧಿಕಾರಿಗಳ ಕಾಟವೋ, ಒಳಮನಸ್ಸಿನ ತಡೆಯೋ? ಲೂಕ ಹೇಳುವುದಿಲ್ಲ. ನನಗೆ ಆ ಮೌನ ಬಹಳ ಹಿಡಿಸುತ್ತದೆ, ಯಾಕೆಂದರೆ ನಮ್ಮಲ್ಲಿ ಅನೇಕರಿಗೆ ದೇವರು ಯಾವ ಬಾಗಿಲನ್ನು ಯಾಕೆ ಮುಚ್ಚಿದ ಎಂಬುದು ಮರುದಿನವೇ ವಿವರವಾಗಿ ಗೊತ್ತಾಗಿಬಿಡುತ್ತದೆ.

ಎರಡೂ ಕಡೆ ದಾರಿ ಕಟ್ಟಿದ ಮೇಲೆ ಅವರು ಸಮುದ್ರತೀರದ ತ್ರೋವಕ್ಕೆ ಇಳಿದರು. ಅಲ್ಲಿ ರಾತ್ರಿ ಪೌಲನಿಗೆ ದರ್ಶನ: ಮಕೆದೋನ್ಯದ ಒಬ್ಬ ಗಂಡಸು ನಿಂತು, ಬಂದು ಸಹಾಯ ಮಾಡಿ ಎಂದು ಬೇಡಿಕೊಳ್ಳುತ್ತಿದ್ದಾನೆ. ದರ್ಶನ ಕಂಡವನು ಒಬ್ಬ, ಆದರೆ ಹೊರಡಬೇಕೆಂದು ನಿಶ್ಚಯಿಸಿಕೊಂಡವರು ಎಲ್ಲರೂ. ಇಲ್ಲಿಯವರೆಗೆ ‘ಅವರು’ ಎಂದು ಬರೆಯುತ್ತಿದ್ದ ಲೂಕ ಸರಿಯಾಗಿ ಇಲ್ಲಿಂದ ‘ನಾವು’ ಎಂದು ಬರೆಯಲು ತೊಡಗುತ್ತಾನೆ. ಹಡಗು ಹತ್ತಿ ದಾಟಿದರು, ಫಿಲಿಪ್ಪಿ ಸೇರಿದರು. ದರ್ಶನದಲ್ಲಿ ಕರೆದ ಆ ಗಂಡಸು ಎಲ್ಲಿಯೂ ಸಿಗಲಿಲ್ಲ. ಸಬ್ಬತ್ ದಿನ ಊರ ಹೊರಗೆ ನದಿಯ ದಡಕ್ಕೆ ಹೋದರೆ ಅಲ್ಲಿ ಸೇರಿದ್ದವರು ಹೆಂಗಸರು. ಮೊದಲು ನಂಬಿದವಳು ಲುದ್ಯಳೆಂಬ ನೇರಳೆ ಬಟ್ಟೆಯ ವ್ಯಾಪಾರಿ. ಅವಳ ಸ್ವಂತ ಊರು ಥುವತೈರ, ಅದು ಇದ್ದದ್ದು ಪೌಲನಿಗೆ ಹೋಗಬೇಡವೆಂದ ಅದೇ ಆಸ್ಯ ಸೀಮೆಯಲ್ಲಿ. ಮುಂದೆ ಕೆಲವು ವರ್ಷಗಳ ಮೇಲೆ ಪೌಲ ಆಸ್ಯಕ್ಕೂ ಹೋದ, ಎಫೆಸದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಂತು ಕೆಲಸ ಮಾಡಿದ. ಬಿಥೂನ್ಯಕ್ಕೆ ಹೋದದ್ದು ಮಾತ್ರ ಎಲ್ಲಿಯೂ ದಾಖಲಾಗಿಲ್ಲ.

ಹಾಗಂತ ಪೌಲ ಯೋಜನೆಯೇ ಇಲ್ಲದೆ ಗಾಳಿ ಬಂದತ್ತ ತೂರಿಕೊಂಡವನಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 15ನೆಯ ಅಧ್ಯಾಯ ಓದಿ ನೋಡಿ. ಮೊದಲು ಯೆರೂಸಲೇಮಿಗೆ ಹೋಗಿ ಬಡವರಿಗಾಗಿ ಕೂಡಿಸಿದ ಹಣ ಒಪ್ಪಿಸುತ್ತೇನೆ, ಅಲ್ಲಿಂದ ನಿಮ್ಮಲ್ಲಿಗೆ, ನಿಮ್ಮಿಂದ ಬೀಳ್ಕೊಂಡು ಸ್ಪೇನಿಗೆ ಎಂದು ದಾರಿ, ಕ್ರಮ, ಖರ್ಚಿನ ನಿರೀಕ್ಷೆ ಎಲ್ಲ ಹೇಳುತ್ತಾನೆ. ರೋಮಿಗೆ ಹೋದದ್ದೂ ಹೌದು, ಕೈದಿಯಾಗಿ. ಬಾಡಿಗೆ ಮನೆಯಲ್ಲಿ ಕಾವಲಿನ ಸಿಪಾಯಿಯ ಜೊತೆ ಎರಡು ವರ್ಷ ಕಳೆದ. ಸ್ಪೇನ್ ತಲುಪಿದನೇ ಎಂಬುದನ್ನು ಹೊಸ ಒಡಂಬಡಿಕೆ ಹೇಳುವುದಿಲ್ಲ. ಯೋಜನೆ ಅಷ್ಟು ಖಚಿತ, ಆದರೂ ಅದು ಮುರಿದು ಬಿದ್ದಾಗ ಬಾಡಿಗೆ ಮನೆಯಲ್ಲಿ ಬಂದವರಿಗೆಲ್ಲ ಬಾಗಿಲು ತೆರೆದಿತ್ತು. ಗುರಿ ಇಟ್ಟುಕೊಳ್ಳುವುದಕ್ಕೂ ಬದಲಾವಣೆಯನ್ನು ಒಪ್ಪಿಕೊಳ್ಳುವುದಕ್ಕೂ ಜಗಳವಿದೆ ಎಂದು ನಾವು ಭಾವಿಸಿದ್ದೇವೆ. ಪೌಲನಲ್ಲಿ ಆ ಜಗಳ ಕಾಣುವುದಿಲ್ಲ. ಯಾರಿಗಾಗಿ ಹೊರಟಿದ್ದೇನೆ ಎಂಬುದರಲ್ಲಿ ಅವನು ಹಟಮಾರಿ, ಯಾವ ದಾರಿಯಲ್ಲಿ ಎಂಬುದರಲ್ಲಿ ಅಲ್ಲ.

ಇದು ಎರಡು ಸಾವಿರ ವರ್ಷದ ಹಿಂದಿನ ಮಾತಾಯಿತು ಎನ್ನುವವರು ಮಂಗಳೂರಿನ ಬಲ್ಮಠ, ಜೆಪ್ಪು ಕಡೆ ಬರಬಹುದು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದರು. ಬಂದ ಉದ್ದೇಶದಲ್ಲಿ ಯಾವ ಗೊಂದಲವೂ ಇರಲಿಲ್ಲ: ಸುವಾರ್ತೆ ಸಾರುವುದು, ಸಭೆ ಕಟ್ಟುವುದು. ಪತ್ರಿಕೆ, ಹೆಂಚು, ನಿಘಂಟು ಅವರ ಪಟ್ಟಿಯಲ್ಲಿ ಇರಲಿಲ್ಲ. ಇವತ್ತು ಕನ್ನಡ ನಾಡು ಅವರನ್ನು ನೆನೆಯುವುದು ಮುಖ್ಯವಾಗಿ ಈ ಮೂರಕ್ಕೇ.

ಹೆರ್ಮನ್ ಮೊಗ್ಲಿಂಗ್ 1836ರಲ್ಲಿ ಬಂದವರು, ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದವರು. ಮಂಗಳೂರಿನಲ್ಲಿ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಶುರುವಾದದ್ದು 1841ರಲ್ಲಿ. ಅದರಲ್ಲಿ 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಹೊರಬಂತು. ಕನ್ನಡದ ಮೊದಲ ಪತ್ರಿಕೆ ಎಂದು ಶಾಲೆಯ ಮಕ್ಕಳೂ ಬಲ್ಲರು, ಜುಲೈ 1 ನಮಗೆ ಪತ್ರಿಕಾ ದಿನ. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಅದರಲ್ಲಿ ಊರ ಸುದ್ದಿ, ಸರ್ಕಾರದ ನಿರೂಪಗಳು, ದೂರದೇಶದ ವರ್ತಮಾನ, ಕಥೆ, ಗಾದೆ, ದಾಸರ ಹಾಡು. ಜನರ ಮನಸ್ಸಿಗೆ ಬಾಗಿಲು ಬೇಕಿತ್ತು, ಬೋಧನೆಯೊಂದರಿಂದಲೇ ಅದು ತೆರೆಯುವುದಿಲ್ಲ ಎಂದು ಮೊಗ್ಲಿಂಗ್ ಕಂಡುಕೊಂಡರು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಯಿತು, ಕಲ್ಲಚ್ಚಿನ ಬದಲು ಅಚ್ಚುಮೊಳೆ ಬಂತು, ಹೆಸರು ‘ಕನ್ನಡ ಸಮಾಚಾರ’ ಆಯಿತು, ಬೇಗನೆ ನಿಂತೂ ಹೋಯಿತು. ಅಲ್ಪಕಾಲ ಬಾಳಿದ ಪತ್ರಿಕೆ. ಗುರಿ ಮುಟ್ಟಿತೋ ಇಲ್ಲವೋ ಎಂದು ಆಗಿನ ಲೆಕ್ಕದಲ್ಲಿ ಕೇಳಿದ್ದರೆ ಇಲ್ಲ ಎಂದೇ ಬರೆಯಬೇಕಿತ್ತು.

ಮೊಗ್ಲಿಂಗ್ ಅಲ್ಲಿಗೆ ನಿಲ್ಲಲಿಲ್ಲ. ಕ್ಯಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಧನಸಹಾಯದಿಂದ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಹೊರತಂದರು. ತಾಳೆಗರಿಯಲ್ಲಿದ್ದ ಕಾವ್ಯ ಅಚ್ಚಿಗೆ ಬಂದದ್ದು ಹೀಗೆ, ಅದೂ ಒಬ್ಬ ಪಾದ್ರಿಯ ಕೈಯಲ್ಲಿ. ಆಮೇಲೆ 1853ರಲ್ಲಿ ಅವರ ದಾರಿ ಮತ್ತೆ ತಿರುಗಿತು, ಕೊಡಗಿಗೆ ಹೋದರು. 1858ರಲ್ಲಿ ಟ್ಯೂಬಿಂಗೆನ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಯಾವ ಊರಿನಲ್ಲೂ ಅವರು ಕೊನೆಯವರೆಗೆ ನೆಲೆ ನಿಲ್ಲಲಿಲ್ಲ, ಮುಟ್ಟಿದ ಕೆಲಸವನ್ನೆಲ್ಲ ಮುಗಿಸಲೂ ಇಲ್ಲ.

ಹೆಂಚಿನ ಕಥೆ ಬೇರೆ ತರಹ. ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ಅನೇಕರು ಸೇಂದಿ ಇಳಿಸುವ ಕುಟುಂಬದವರು. ಆ ಕಸುಬು ಬಿಡಬೇಕೆಂಬುದು ಮಿಷನ್ನಿನ ನಿಯಮ. ಜಾತಿಯವರು ಹೊರಗಿಟ್ಟರು, ಜಮೀನಿನ ಧಣಿಗಳೂ ಕೈಬಿಟ್ಟರು. ಬೆಳಗ್ಗೆ ಪ್ರಾರ್ಥನೆ ಮುಗಿಸಿದ ಮನುಷ್ಯ ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಹೋಗಬೇಕು? ಮಿಷನ್ ಮೊದಲು ವ್ಯವಸಾಯ ಮಾಡಿಸಿ ನೋಡಿತು, ಹೆಚ್ಚು ಫಲ ಸಿಗಲಿಲ್ಲ. ಹ್ಯಾಲರ್ ಎಂಬ ಮಿಷನರಿ ಬಂದು ನೇಯ್ಗೆ ಶುರುಮಾಡಿದರು, ಖಾಕಿ ಬಣ್ಣದ ಬಟ್ಟೆಗೆ ಬಲ್ಮಠದ ಮಗ್ಗಗಳು ಹೆಸರಾದವು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನದಿ ದಡದ ಜೇಡಿಮಣ್ಣು, ಒಂದರೊಳಗೊಂದು ಸಿಕ್ಕಿಕೊಳ್ಳುವ ಅಚ್ಚು, ಭಟ್ಟಿಯಲ್ಲಿ ಕೆಂಪಗೆ ಸುಟ್ಟ ಹೆಂಚು. ಹಳೆಯ ಮನೆ ಕೆಡವುವಾಗ ಹೆಂಚು ಮಗುಚಿ ನೋಡಿದರೆ ಬಾಸೆಲ್ ಮಿಷನ್ನಿನ ಹೆಸರಿನ ಅಚ್ಚು ಈಗಲೂ ಕೈಗೆ ತಾಗುತ್ತದೆ. ಮುಳಿಹುಲ್ಲಿನ ಮಾಡುಗಳ ಕರಾವಳಿ ಕೆಂಪು ಹೆಂಚಿನ ಕರಾವಳಿಯಾದದ್ದು ಹೀಗೆ.

ಇದನ್ನೆಲ್ಲ ಹೊಗಳುವಾಗ ಒಂದು ತಕರಾರನ್ನೂ ಹೇಳಬೇಕು. ಸಾರುವುದಕ್ಕೆ ಬಂದವರು ಧಣಿಗಳಾದರು, ಸಭೆಯ ಸದಸ್ಯನೇ ಕಾರ್ಖಾನೆಯ ಕೂಲಿಯಾದ, ಪಾದ್ರಿಯ ಮುಂದೆ ಅವನು ಬಾಯಿ ಬಿಡುವುದು ಕಷ್ಟವಾಯಿತು. ಮಿಷನ್ನಿನ ಒಳಗೇ ಸುವಾರ್ತೆಯವರಿಗೂ ವ್ಯಾಪಾರದವರಿಗೂ ಎಳೆದಾಟ ಇತ್ತು. ಬದಲಾವಣೆ ಹಸಿದವನ ಹೊಟ್ಟೆಯಿಂದ ಹುಟ್ಟಿದ್ದರಿಂದ ಅದು ಸರಿಯಾದ ಬದಲಾವಣೆಯೇ, ಆದರೆ ಸರಿಯಾದ ಬದಲಾವಣೆಗೂ ಬೆಲೆ ತೆರಬೇಕಾಗುತ್ತದೆ. ಮೊದಲ ಮಹಾಯುದ್ಧ ಬಂದು ಜರ್ಮನ್ ಮಿಷನರಿಗಳು ಸೆರೆಯಾಗಿ ದೇಶ ಬಿಟ್ಟಾಗ ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಸಭೆಗಳ ಹೊಣೆ ದಿನ ಕಳೆದಂತೆ ಸ್ಥಳೀಯರ ಹೆಗಲಿಗೆ ಬಂತು. ಎಂಬತ್ತು ವರ್ಷ ಮಿಷನರಿಗಳು ತಾವಾಗಿ ಮಾಡದ ಬದಲಾವಣೆಯನ್ನು ಯುದ್ಧ ಮಾಡಿಸಿತು.

ನಿಘಂಟಿನ ಫರ್ಡಿನಾಂಡ್ ಕಿಟೆಲ್ ಅವರದು ಇನ್ನೂ ಕಠಿಣವಾದ ಪಾಠ. 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಬಂದರು. ಜನರ ನಡುವೆ ಜನರಂತೆ ಇರಬೇಕೆಂಬ ಹಂಬಲ ಅವರದು. ಮಿಷನ್ ಕಾಂಪೌಂಡಿನ ಶಿಸ್ತಿಗೆ ಅದು ಸರಿಹೊಂದಲಿಲ್ಲ. ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಾಗಿಸಿದ ‘ಕಥಾಮಾಲೆ’ 1862ರಲ್ಲಿ ಬಂತು. ಆಮೇಲೆ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. ಮಿಷನ್ನಿನ ವರದಿಯಲ್ಲಿ ದೀಕ್ಷಾಸ್ನಾನದ ಅಂಕಣ ತುಂಬಲು ಅವರ ಹತ್ತಿರ ಹೆಚ್ಚೇನೂ ಇರಲಿಲ್ಲ. ಈ ಮನುಷ್ಯ ಮಿಷನರಿಯೋ ಪಂಡಿತನೋ ಎಂಬ ಪ್ರಶ್ನೆ ಅವರ ತಲೆಯ ಮೇಲೆ ತೂಗುತ್ತಲೇ ಇತ್ತು. 1877ರಲ್ಲಿ ಜರ್ಮನಿಗೆ ಮರಳಿದರು. ನಿಘಂಟು ಅಲ್ಲಿ ಕೂತು ಮುಗಿಯುವ ಕೆಲಸವಲ್ಲವೆಂದು ಗೊತ್ತಾಗಿ 1883ರಲ್ಲಿ, ಐವತ್ತು ದಾಟಿದ ಮೇಲೆ, ಸಂಸಾರವನ್ನು ಬಿಟ್ಟು ಮತ್ತೆ ಬಂದರು. ಕನ್ನಡ ಪಂಡಿತರ ಜೊತೆ ಕೂತು ಶಬ್ದಶಬ್ದಕ್ಕೂ ಗ್ರಂಥದ ಪ್ರಯೋಗ, ಗಾದೆ, ಆಡುಮಾತು ಕೂಡಿಸಿದರು. 1892ರಲ್ಲಿ ಸೋತ ಶರೀರದೊಂದಿಗೆ ಊರಿಗೆ ಹೋದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂತು, ಸುಮಾರು 70,000 ಶಬ್ದ, 1,700ಕ್ಕೂ ಹೆಚ್ಚು ಪುಟ. ಹಳೆಗನ್ನಡದ ಶಬ್ದಕ್ಕೆ ಸಿಕ್ಕಿಹಾಕಿಕೊಂಡಾಗ ನಾವು ಇಂದಿಗೂ ಮೊರೆಹೋಗುವುದು ಅದಕ್ಕೆ. ಯೌವನದಲ್ಲಿ ಬರೆದ ಗುರಿಯ ಚೀಟಿಯನ್ನು ಕಿಟೆಲ್ ಹರಿದು ಹಾಕಲಿಲ್ಲ. ಜನರ ಭಾಷೆಯೊಳಗೆ ಇಳಿಯಬೇಕೆಂಬುದು ಅದರಲ್ಲಿ ಮೊದಲಿನಿಂದಲೂ ಇತ್ತು, ಅದಕ್ಕಾಗಿ ಉಳಿದದ್ದನ್ನು ಬಿಟ್ಟುಕೊಟ್ಟರು.

ಇದೇ ನೆಲದಲ್ಲಿ ಹುಟ್ಟಿದ ಇನ್ನೊಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಪಂಡಿತಾ ರಮಾಬಾಯಿ 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದಾಗ ಅವರ ಗುರಿ ಮೇಲುಜಾತಿಯ ವಿಧವೆಯರಿಗೆ ವಿದ್ಯೆ ಮತ್ತು ಆಸರೆ. ಅದಕ್ಕೆಂದೇ ಅಮೆರಿಕದಲ್ಲಿ ಹಣ ಕೂಡಿಸಿದ್ದರು. 1896–97ರ ಬರ ಬಂತು. ಮಧ್ಯಪ್ರಾಂತ್ಯದಲ್ಲಿ ಹೆಣ್ಣುಮಕ್ಕಳು ಹಸಿವಿನಿಂದ ಸಾಯುತ್ತಿದ್ದಾರೆ, ಮಾರಾಟವಾಗುತ್ತಿದ್ದಾರೆ ಎಂದು ತಿಳಿದು ಅಲ್ಲಿಗೆ ಹೋದರು, ಜಾತಿ ಕೇಳದೆ ನೂರಾರು ಮಂದಿಯನ್ನು ಕರೆತಂದರು. ಪುಣೆಯ ಬಳಿಯ ಕೆಡಗಾಂವಿನ ಮುಕ್ತಿ ಸದನ ಬೆಳೆದದ್ದು ಆ ಬರದಿಂದ. ಮುಂದೆ ನಮ್ಮ ಕಲಬುರಗಿಯಲ್ಲೂ ಶಾಲೆ ನಡೆಸಿದರು. ಮಗಳು ಮನೋರಮಾ ತಮ್ಮ ನಂತರ ಎಲ್ಲ ನೋಡಿಕೊಳ್ಳುತ್ತಾಳೆಂಬ ಯೋಜನೆಯೂ ಉಳಿಯಲಿಲ್ಲ. ಮಗಳು 1921ರಲ್ಲಿ ತೀರಿಕೊಂಡರು, ತಾಯಿ 1922ರಲ್ಲಿ. ಮುಕ್ತಿ ಸದನ ಇಂದಿಗೂ ನಡೆಯುತ್ತಿದೆ.

ಹಾಗಾದರೆ ಇವತ್ತು ಚೀಟಿ ಕೈಯಲ್ಲಿ ಹಿಡಿದು ಕೂತವರು ಏನು ಬರೆಯಬೇಕು?

ಸಣ್ಣದರಿಂದ ಶುರುಮಾಡೋಣ. ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರು, ನಾಲ್ಕು ಅಧ್ಯಾಯ ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಆದಿಕಾಂಡ ಸಲೀಸು, ವಿಮೋಚನಕಾಂಡದ ಅರ್ಧದವರೆಗೂ ತೊಂದರೆಯಿಲ್ಲ, ಯಾಜಕಕಾಂಡಕ್ಕೆ ಬಂದಾಗ ಮಳೆಗಾಲದ ಗದ್ದೆಗೆ ಇಳಿದ ಗಾಡಿಯ ಹಾಗೆ ಚಕ್ರ ಹೂತುಹೋಗುತ್ತದೆ. ಫೆಬ್ರವರಿಯಲ್ಲಿ ಅಪರಾಧಭಾವ, ಮಾರ್ಚಿನಲ್ಲಿ ಪುಸ್ತಕ ಮುಚ್ಚಿಡುವುದು. ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಗೆ ವರ್ಷದ ಓದಿನ ಪಟ್ಟಿ ಮಾಡಿಕೊಟ್ಟ, ಜಗತ್ತಿನ ಬೇರೆ ಬೇರೆ ಭಾಗದಲ್ಲಿ ಈಗಲೂ ಜನ ಅದನ್ನು ಬಳಸುತ್ತಾರೆ. ವಿಶೇಷವೆಂದರೆ ಅವನು ಲಾಭಗಳಿಗಿಂತ ಮೊದಲು ಅಪಾಯಗಳನ್ನು ಬರೆದ. ಓದು ಬರೀ ಶಾಸ್ತ್ರವಾಗಬಹುದು, ಓದಿದೆನೆಂಬ ಜಂಬ ಬರಬಹುದು, ಗಮನವಿಲ್ಲದೆ ಪುಟ ತಿರುವಬಹುದು, ಕೆಲವರಿಗೆ ಅದು ಹೊರಲಾರದ ನೊಗವಾಗಬಹುದು ಎಂದು ಎಚ್ಚರಿಸಿದ. ಪಟ್ಟಿ ಕೊಟ್ಟವನೇ ಇಷ್ಟು ಸಡಿಲ ಬಿಟ್ಟಿರುವಾಗ ನಾವು ಯಾಕೆ ಬಿಗಿ ಹಿಡಿಯಬೇಕು? ಯಾಜಕಕಾಂಡದಲ್ಲಿ ಸಿಕ್ಕಿಕೊಂಡವರು ಲೂಕನ ಸುವಾರ್ತೆಗೆ ದಾಟಲಿ, ದಿನಕ್ಕೆ ಅರ್ಧ ಅಧ್ಯಾಯವೇ ಆಗಲಿ. ಓದುವ ಅಭ್ಯಾಸ ಉಳಿಯಬೇಕು, ಪಟ್ಟಿ ಉಳಿಯಬೇಕಾಗಿಲ್ಲ.

ಸೇವೆಯ ಗುರಿಗಳ ವಿಷಯದಲ್ಲಿ ನನ್ನ ತಕರಾರು ಸಂಖ್ಯೆಯ ಬಗ್ಗೆ. ‘ಹತ್ತು ಹಳ್ಳಿ’ ಎಂದು ಬರೆದ ಕಮಿಟಿಗೆ ಹತ್ತನೆಯ ಹಳ್ಳಿ ಮುಟ್ಟುವುದೇ ಮುಖ್ಯವಾಗುತ್ತದೆ, ಮೂರನೆಯ ಹಳ್ಳಿಯಲ್ಲಿ ಕುಡಿತಕ್ಕೆ ಮನೆ ಕಳೆದುಕೊಂಡ ಕುಟುಂಬದ ಹತ್ತಿರ ಆರು ತಿಂಗಳು ನಿಲ್ಲಲು ಸಮಯ ಇರುವುದಿಲ್ಲ. ಅದರ ಬದಲು ಮನುಷ್ಯರ ಹೆಸರು ಬರೆದರೆ ದಾರಿ ಬದಲಾಯಿಸುವ ಸ್ವಾತಂತ್ರ್ಯ ತಾನಾಗಿ ಬರುತ್ತದೆ. ‘ಸಭೆಯಲ್ಲಿ ಒಂಟಿಯಾಗಿರುವ ಹಿರಿಯರನ್ನು ಯಾರಾದರೂ ವಾರಕ್ಕೊಮ್ಮೆ ಕಾಣಬೇಕು’ ಎಂಬುದು ಗುರಿ. ಮನೆಭೇಟಿಯೋ ಫೋನೋ ಅವರನ್ನು ಭಾನುವಾರ ಕರೆತರುವ ಆಟೋವೋ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗಲಿ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿದಾಗ ಮೊಬೈಲಿನಲ್ಲಿ ಆರಾಧನೆ ಕಳಿಸಿದ ಸಭಾಪಾಲಕರು ಬೇಗ ಕಲಿತರು. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಯರನ್ನು ನೆನಪಿಟ್ಟುಕೊಂಡು ದಿನಾ ಫೋನ್ ಮಾಡಿ ಪ್ರಾರ್ಥಿಸಿದವರು ಇನ್ನೂ ಚೆನ್ನಾಗಿ ಕಲಿತಿದ್ದರು.

ಇನ್ನೊಂದು ಕಡೆಯ ತಪ್ಪೂ ಇದೆ. ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ, ನಾಳೆ ಇಂಥ ಊರಿಗೆ ಹೋಗಿ ಒಂದು ವರ್ಷ ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎಂದು ಹೇಳಿಕೊಳ್ಳುವವರನ್ನು ಅವನು ಗದರಿಸುತ್ತಾನೆ, ಕರ್ತನ ಚಿತ್ತವಿದ್ದರೆ ಎಂದು ಹೇಳಬೇಕು ಎನ್ನುತ್ತಾನೆ. ಅವನು ಗದರಿಸಿದ್ದು ಜಂಬವನ್ನು, ಯೋಜನೆಯನ್ನಲ್ಲ. ನಮ್ಮಲ್ಲಿ ‘ದೇವರ ಚಿತ್ತವಿದ್ದರೆ’ ಎಂಬ ಮಾತು ಎಷ್ಟೋ ಸಲ ತಾರೀಖು ಹೇಳದೆ, ಲೆಕ್ಕ ಕೊಡದೆ, ಹೊಣೆ ಹೊರದೆ ತಪ್ಪಿಸಿಕೊಳ್ಳುವ ದಾರಿಯಾಗಿದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನೆಂದು ಯೇಸುವೇ ಹೇಳಿದ್ದಾನೆ. ಸಂಡೇ ಸ್ಕೂಲ್ ನಡೆಸುವುದು ಬೇಸರವಾದಾಗ ‘ದೇವರು ಬೇರೆ ಸೇವೆಗೆ ಕರೆಯುತ್ತಿದ್ದಾನೆ’ ಎನ್ನುವುದು ಸುಲಭ. ಅಂಥ ಹೊತ್ತಿನಲ್ಲಿ ತ್ರೋವದ ರಾತ್ರಿ ಉಪಯೋಗಕ್ಕೆ ಬರುತ್ತದೆ. ದರ್ಶನ ಒಬ್ಬನದಾದರೂ ತೀರ್ಮಾನ ಒಬ್ಬನದಾಗಿರಲಿಲ್ಲ. ಹೊಸ ದಾರಿ ಹಿಡಿಯುವ ಮೊದಲು ಜೊತೆಗೆ ಕೆಲಸ ಮಾಡುವವರನ್ನು, ಅದರಲ್ಲೂ ನಿಮ್ಮ ಮಾತಿಗೆ ತಲೆಯಾಡಿಸದವರನ್ನು ಕೇಳಿ. ಈ ಬದಲಾವಣೆಯಿಂದ ಯಾರ ಕಷ್ಟ ಕಡಿಮೆಯಾಗುತ್ತದೆ ಎಂದು ಅವರು ಕೇಳಿದಾಗ ಉತ್ತರದಲ್ಲಿ ನಿಮ್ಮ ಹೆಸರು ಮಾತ್ರ ಬಂದರೆ, ಸಂಡೇ ಸ್ಕೂಲಿನ ಮಕ್ಕಳನ್ನು ಬಿಟ್ಟು ಹೋಗಬೇಡಿ.

ಬದಲಾವಣೆ ತಾವು ಕೇಳದೆಯೇ ಬರುವವರೂ ಇದ್ದಾರೆ. ಸಿ.ಎಸ್.ಐ. ಸಭಾಪಾಲಕರಿಗೆ ವರ್ಗಾವಣೆ ಹೊಸದಲ್ಲ. ಒಂದು ಊರಿನಲ್ಲಿ ಯುವಜನ ಕೂಟ ಕಟ್ಟಿ ನಿಲ್ಲಿಸುವಷ್ಟರಲ್ಲಿ ಇನ್ನೊಂದು ಊರಿಗೆ ಆದೇಶ ಬರುತ್ತದೆ. ಹಿಂದಿನವರು ಶುರುಮಾಡಿದ್ದೆಲ್ಲವನ್ನೂ ಬದಿಗಿಟ್ಟು ತಮ್ಮ ಪಟ್ಟಿಯನ್ನು ಹೊಸದಾಗಿ ಬರೆಯುವುದು ಬಂದವರ ಚಾಳಿ, ‘ಹಿಂದಿನ ಅಯ್ಯನವರ ಕಾಲದಲ್ಲಿ ಹೀಗಿರಲಿಲ್ಲ’ ಎನ್ನುವುದು ಸಭೆಯವರ ಚಾಳಿ. ಎರಡೂ ಬಿಟ್ಟರೆ ಎಲ್ಲರಿಗೂ ನೆಮ್ಮದಿ.

ಸಭಾ ಕಮಿಟಿಗಳಿಗೆ ಒಂದು ವಿನಂತಿ. ಈ ಸಲದ ವಾರ್ಷಿಕ ವರದಿಯಲ್ಲಿ ಸಾಧನೆಗಳ ಪಟ್ಟಿಯ ಜೊತೆಗೆ, ನಡುವೆ ಕೈಬಿಟ್ಟ ಕೆಲಸಗಳಿಗೂ ಒಂದು ಪುಟ ಕೊಡಿ. ಯಾಕೆ ಬಿಟ್ಟಿರಿ, ಅದರ ಬದಲು ಏನು ಮಾಡಿದಿರಿ, ಯಾರಿಗಾಗಿ ಮಾಡಿದಿರಿ ಎಂದು ಮುಚ್ಚುಮರೆಯಿಲ್ಲದೆ ಬರೆಯಿರಿ. ಮುಂದಿನ ವರ್ಷದ ಗುರಿ ನಿರ್ಧರಿಸಲು ಕೂತಾಗ ಆ ಪುಟವನ್ನೇ ಮೊದಲು ಓದಿ.